ಬೆಕ್ಕಿನ ಕೂದಲು

ಪಾಕ ಎಳೆ ಬಿಡುವ ಹೊತ್ತಿನಲ್ಲಿ ಅಜ್ಜಿ ದೆಲ್ಫಿನಾಳನ್ನು ಯಾರೂ ಮಾತಾಡಿಸಬಾರದು. ಅದು ಆ ಮನೆಯ ಕಟ್ಟಳೆ. ಬೆಲ್ಲ, ಜೇನು, ನಿಂಬೆರಸ ಒಂದಾಗಿ ಕುದಿದು, ಸೌಟು ಎತ್ತಿದರೆ ಎಳೆಯಾಗಿ ಇಳಿಯುವ ಗಳಿಗೆ ಒಂದೇ ಇರುತ್ತದೆ. ಆ ಗಳಿಗೆಗೇ ಅದನ್ನು ಹುರಿದ ರಾಜಗಿರಿ ಅರಳಿನ ಮೇಲೆ ಸುರಿಯಬೇಕು. ಮುಂಚೆಯಾದರೆ ಮಿಠಾಯಿ ಕೈಗೆ ಅಂಟುತ್ತದೆ, ತಡವಾದರೆ ಹಲ್ಲು ಮುರಿಯುತ್ತದೆ. ತುಲ್ಯೆವಾಲ್ಕೊ ಊರಿನಲ್ಲಿ ಬೀದಿಗೆ ನಾಲ್ಕು ಮನೆಯವರು ಈ ಅಲೆಗ್ರಿಯಾ ಮಿಠಾಯಿ ಮಾಡುತ್ತಾರೆ. ದೆಲ್ಫಿನಾಳ ಹದ ಮಾತ್ರ ಇನ್ನೊಬ್ಬರಿಗೆ ಬಂದಿಲ್ಲ.

ಅವತ್ತು ಜನವರಿಯ ಚಳಿ. ಅಜ್ಜಿ ಬಾಣಲೆಯನ್ನು ಎರಡೂ ಕೈಯಲ್ಲಿ ಬಟ್ಟೆಯಿಂದ ಹಿಡಿದು ಒಲೆಯಿಂದ ಇಳಿಸಿ, ಅರಳಿನ ತೊಟ್ಟಿಯ ಕಡೆಗೆ ತಿರುಗಿದ್ದಳು. ಉಗ್ರಾಣದ ಬಾಗಿಲ ಹಿಂದೆ, ತಲೆಯ ಮೇಲೆ ಖಾಲಿ ಗೋಣಿಚೀಲ ಹಾಕಿಕೊಂಡು, ಮೊಮ್ಮಗಳು ಲುಸೆರೊ ಉಸಿರು ಬಿಗಿಹಿಡಿದು ನಿಂತಿದ್ದಳು. ಇವಳಿಗೆ ಒಂಬತ್ತು ವರ್ಷ. ಹಿಂದಿನ ಸಂಜೆ ಅಜ್ಜಿಯೇ ಒಗೆದ ಬಟ್ಟೆಗಳ ಹಿಂದೆ ಅವಿತು "ಬೂ" ಎಂದು ಇವಳನ್ನು ಬೆಚ್ಚಿಬೀಳಿಸಿದ್ದಳು. ಅಜ್ಜಿ ಮೊಮ್ಮಗಳ ನಡುವೆ ಆ ಆಟ ಹಳೆಯದು. ಇವತ್ತು ಲುಸೆರೊಳ ಸರದಿ.

"ಬೂಊಊ!"

ಬಾಣಲೆ ನೆಲಕ್ಕೆ ಬಿತ್ತು. ಪಾಕ ಕಲ್ಲುಹಾಸಿನ ಮೇಲೆ ಹರಿದು, ಅಜ್ಜಿಯ ಬಲಪಾದದ ಮೇಲೂ ಹರಿಯಿತು. ಅಜ್ಜಿ ಕೂಗಲಿಲ್ಲ. ಗೋಡೆ ಹಿಡಿದು ಮೆಲ್ಲಗೆ ಕೂತಳು. ಮುಖ ಹಿಟ್ಟಿನ ಹಾಗೆ ಬೆಳ್ಳಗಾಗಿತ್ತು, ಕೈ ಎದೆಯ ಮೇಲಿತ್ತು. ಲುಸೆರೊ ಗೋಣಿಚೀಲ ತೆಗೆದು ಹಿಂದಕ್ಕೆ ಎಸೆದಳು.

ಅಂಗಳದಲ್ಲಿ ಬಟ್ಟೆ ಒಗೆಯುತ್ತಿದ್ದ ಅಮ್ಮ ಆರ್ಸೆಲಿಯಾ ಸೋಪಿನ ಕೈಯಲ್ಲೇ ಓಡಿಬಂದಳು. "ಏನಾಯ್ತು ಅತ್ತೆ? ಅಯ್ಯೋ ಕಾಲು!"

ಅಜ್ಜಿ ಲುಸೆರೊಳನ್ನು ಒಂದು ಸಲ ನೋಡಿದಳು. "ಬೆಕ್ಕು," ಎಂದಳು. "ಆ ಹಾಳು ಪೆಲೂಸಾ ಕಾಲಿಗೆ ಅಡ್ಡ ಬಂತು. ಬೆಚ್ಚಿಬಿದ್ದೆ."

ಪೆಲೂಸಾ ಚಾವಣಿಯ ಮೇಲೆ ಬಿಸಿಲು ಕಾಯುತ್ತ ಮಲಗಿತ್ತು. ಅದರ ಬಾಲ ತಗಡಿನ ಅಂಚಿನಿಂದ ಇಳಿಬಿದ್ದದ್ದು ಲುಸೆರೊಳಿಗೆ ನಿಂತಲ್ಲಿಂದಲೇ ಕಾಣುತ್ತಿತ್ತು.

* * *

ಸುಟ್ಟ ಗಾಯಕ್ಕೆ ಲೋಳೆಸರ ಹಚ್ಚಿದರು, ಮೊಟ್ಟೆಯ ಬಿಳಿ ಹಚ್ಚಿದರು. ಪಕ್ಕದ ಮನೆಯಾಕೆ ಹೇಳಿದಳೆಂದು ಹಲ್ಲುಜ್ಜುವ ಪೇಸ್ಟನ್ನೂ ಹಚ್ಚಿದರು. ಬೊಬ್ಬೆ ಒಡೆಯಿತು, ಗಾಯ ಮಾತ್ರ ಮಾಗಲಿಲ್ಲ. ದಿನ ಬೆಳಗಾದರೆ ಆರ್ಸೆಲಿಯಾ ಬಟ್ಟೆ ಬಿಚ್ಚಿ ನೋಡಿ, ತುಟಿ ಕಚ್ಚಿ, ಮತ್ತೆ ಕಟ್ಟುತ್ತಿದ್ದಳು.

ಫೆಬ್ರವರಿಯ ಅಲೆಗ್ರಿಯಾ ಮೇಳ ಹತ್ತಿರ ಬರುತ್ತಿತ್ತು. ವರ್ಷದ ದುಡಿಮೆಯಲ್ಲಿ ಅರ್ಧ ಆ ಎರಡು ವಾರದಲ್ಲೇ ಬರಬೇಕು. ಅಪ್ಪ ಎಲಿಸೆಯೊ ರಾಜಗಿರಿ ಮೂಟೆ ತಂದು ಉಗ್ರಾಣ ತುಂಬಿಸುತ್ತಿದ್ದ. ಕಾಳನ್ನು ಕಾದ ಹಂಚಿನ ಮೇಲೆ ಪುಟ್ಟ ಪೊರಕೆಯಿಂದ ಆಡಿಸಿ ಅರಳಿಸುವುದು ಈಗ ಆರ್ಸೆಲಿಯಾಳ ಪಾಲಿಗೆ ಬಂತು. ಜರಡಿ ಹಿಡಿಯುವುದು ಲುಸೆರೊಳ ಕೆಲಸ. ಅಜ್ಜಿಯ ರಾತ್ರಿಯ ಮೂತ್ರದ ಪಾತ್ರೆಯನ್ನು ಬೆಳಗ್ಗೆ ಹಿತ್ತಿಲ ಆಲಿವ್ ಮರದ ಬುಡಕ್ಕೆ ಚೆಲ್ಲಿ ತೊಳೆದಿಡುವುದಂತೂ ಮೊದಲಿಂದಲೂ ಇವಳದೇ. ಆ ಬುಡಕ್ಕೆ ಇರುವೆ ಸಾಲುಗಟ್ಟಿ ಬರುತ್ತಿದ್ದವು. ಲುಸೆರೊ ಒಂದು ಹಿಡಿ ಸುಣ್ಣದ ಪುಡಿ ಎರಚಿ, ಮೂಗು ಮುಚ್ಚಿಕೊಂಡು ಓಡಿಬರುತ್ತಿದ್ದಳು.

ಭಾನುವಾರ ರಮೋನತ್ತೆ ಬಂದಳು. ಇವಳು ಅಪ್ಪನ ಅಕ್ಕ. ಶೋಚಿಮಿಲ್ಕೊ ಮಾರುಕಟ್ಟೆಯಲ್ಲಿ ಇವಳ ಅಂಗಡಿ, ಮನೆಯ ಮಿಠಾಯಿಯನ್ನೆಲ್ಲ ಮಾರುವವಳು ಇವಳೇ. ಬಾಯಿಯೂ ಅದಕ್ಕೆ ತಕ್ಕ ಹಾಗೆ. ತಾಯಿಯ ಕಾಲು ನೋಡಿದ್ದೇ ತಡ ಶುರುಮಾಡಿದಳು.

"ಏನಮ್ಮ ಇದು, ಹೀಗೆ ಕೀವು ತುಂಬಿದೆ! ಮನೇಲಿ ಮೂರು ಜನ ಇದ್ದಾರೆ, ಆರು ಕಣ್ಣಿವೆ. ಒಬ್ಬರಿಗೂ ಕಾಣಿಸ್ಲಿಲ್ವಾ?"

"ದಿನಾ ನಾನೇ ಬಿಚ್ಚಿ ಕಟ್ತಾ ಇದೀನಿ ಅತ್ತಿಗೆ," ಎಂದಳು ಆರ್ಸೆಲಿಯಾ. "ನಾಳೆ ಆರೋಗ್ಯ ಕೇಂದ್ರಕ್ಕೆ ಕರ್ಕೊಂಡು ಹೋಗ್ತೀನಿ."

"ನಾಳೆ ನಾಳೆ ಅಂದ್ಕೊಂಡೇ ಇಷ್ಟು ದಿನ ಆಯ್ತು. ನಾನೂ ಬರ್ತೀನಿ."

ಮರುದಿನ ಲುಸೆರೊ ಶಾಲೆಯಿಂದ ಬಂದಾಗ ಅಡುಗೆಮನೆಯಲ್ಲಿ ಮೂವರೂ ಇದ್ದರು. ಮೇಜಿನ ಮೇಲೆ ಮಾತ್ರೆಯ ಹಾಳೆಗಳಿದ್ದವು. ಅಜ್ಜಿ ಬೆರಳ ತುದಿಗೆ ಹತ್ತಿ ಒತ್ತಿಕೊಂಡು ಕೂತಿದ್ದಳು.

"ಸಕ್ಕರೆ," ಎಂದಳು ರಮೋನತ್ತೆ, ಯಾರೋ ಸತ್ತ ಸುದ್ದಿ ಹೇಳುವ ದನಿಯಲ್ಲಿ. "ಮುನ್ನೂರರ ಮೇಲಿದೆಯಂತೆ. ಸಾಲದು ಅಂತ ತೋಳಿಂದ ಒಂದು ಕೊಳವೆ ತುಂಬ ರಕ್ತ ಬೇರೆ ಎಳೆದ್ರು. ಅದೇನೋ ಮೂರು ತಿಂಗಳ ಪರೀಕ್ಷೆಯಂತೆ, ಬೇರೆ ಊರಿಗೆ ಕಳಿಸಿ ಮಾಡಿಸ್ಬೇಕಂತೆ. ಯಾಕೆ ಅಂತ ಕೇಳಿದ್ರೇನಮ್ಮ?"

"ನೀನ್ಯಾಕೆ ಕೇಳ್ಲಿಲ್ಲ?" ಎಂದಳು ಅಜ್ಜಿ.

ಯಾರೂ ಕೇಳಿರಲಿಲ್ಲ. ಆ ಕೋಣೆಯಲ್ಲಿ ಎಲ್ಲರೂ "ಹೂಂ ಡಾಕ್ಟರಮ್ಮ" ಎಂದು ತಲೆಯಾಡಿಸಿ ಬರುವವರೇ. ಸಂದೇಹವೆಲ್ಲ ಹೊರಗೆ ಗೇಟಿನ ಹತ್ತಿರ, ತಮಾಲೆ ಕಡುಬು ಮಾರುವವಳ ಮುಂದೆ ಬಾಯಿಗೆ ಬರುವುದು.

"ಕೇಳೋದೇನಿದೆ," ಎಂದಳು ರಮೋನತ್ತೆ. "ಯಾಕೆ ಬಂತು ಅಂತ ನನಗೆ ಗೊತ್ತಿಲ್ವಾ? ಅವತ್ತು ಬೆಚ್ಚಿಬಿದ್ದಿದ್ದಕ್ಕೇ ಬಂತು. ಹೆದರಿದ್ರೆ ರಕ್ತ ತಿರುಗುತ್ತೆ, ತಿರುಗಿದ ರಕ್ತ ಸಿಹಿಯಾಗುತ್ತೆ. ಆ ಎಫ್ರೆನ್‌ಗೆ ಲಾರಿ ಮಗುಚಿದ ಮೇಲೆ ತಾನೇ ಸಕ್ಕರೆ ಬಂದಿದ್ದು? ಅವನ ಹೆಂಡ್ತಿಗೆ ಭೂಕಂಪ ಆದಾಗ. ಊರಿಗೆಲ್ಲ ಗೊತ್ತಿರೋ ವಿಷಯ."

ಲುಸೆರೊ ಶಾಲೆಯ ಚೀಲವನ್ನು ಹೆಗಲಿಂದ ಇಳಿಸುವುದನ್ನೇ ಮರೆತು ನಿಂತಿದ್ದಳು.

"ಇಬ್ಬರೂ ಈಗ ಎಲ್ಲಿದ್ದಾರೆ?" ಎಂದು ಕೇಳಿದಳು.

"ಅವರಾ? ಹೋದ್ರಲ್ಲ ಪುಟ್ಟೀ, ಇಬ್ಬರೂ ಹೋದ್ರು. ಮೊದಲು ಎಫ್ರೆನ್ ಕಾಲು ತೆಗೆದ್ರು, ಆಮೇಲೆ..."

"ಅತ್ತಿಗೆ!" ಎಂದಳು ಆರ್ಸೆಲಿಯಾ.

ಅಜ್ಜಿ ತಲೆ ಎತ್ತಲಿಲ್ಲ. ಹತ್ತಿಯನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದಳು.

* * *

ಅಂದಿನಿಂದ ಮನೆಯ ಊಟ ಎರಡಾಯಿತು. ಮೇಜಿನ ಮೇಲೆ ಎಲ್ಲರಿಗೂ ಅವರೆ, ಅನ್ನ, ಜೋಳದ ರೊಟ್ಟಿ. ಅಜ್ಜಿಗೆ ಬೇರೆ ತಟ್ಟೆಯಲ್ಲಿ ಹಂಚಿನ ಮೇಲೆ ಸುಟ್ಟ ಪಾಪಾಸುಕಳ್ಳಿಯ ಎಲೆ, ಒಂದು ತುಂಡು ಗಿಣ್ಣು, ಎಣಿಸಿ ಎರಡು ರೊಟ್ಟಿ. ಎರಡು ದಿನ ಅಜ್ಜಿ ಮೇಜಿಗೇ ಕೂತಳು. ಮೂರನೆಯ ದಿನ ತಟ್ಟೆ ಎತ್ತಿಕೊಂಡು ಹಿತ್ತಿಲಿಗೆ ಹೋಗಿ, ಆಲಿವ್ ಮರದ ಕೆಳಗೆ ತಗ್ಗು ಮಣೆಯ ಮೇಲೆ ಕೂತಳು.

"ನಾನೂ ಅಲ್ಲೇ ಬರ್ಲಾ ಅಜ್ಜಿ?" ಎಂದು ಲುಸೆರೊ ಬಾಗಿಲಲ್ಲಿ ನಿಂತು ಕೇಳಿದಳು.

"ಬೇಡ ಕೂಸೇ. ಒಳಗೆ ಹೋಗಿ ಬಿಸಿಬಿಸಿ ಊಟ ಮಾಡು. ನನಗೆ ಒಬ್ಬಳೇ ತಿನ್ನೋದು ಸರಿಹೋಗುತ್ತೆ."

ಮೊದಲೆಲ್ಲ ಪಾಕದ ಬಾಣಲೆ ಖಾಲಿಯಾದರೆ ಅಜ್ಜಿ ಕೂಗುತ್ತಿದ್ದಳು: "ತಳ ಕೆರೆಯೋರು ಯಾರಿದ್ದಾರೆ ಈ ಮನೇಲಿ?" ಲುಸೆರೊ ಚಮಚ ಹಿಡಿದು ಓಡುತ್ತಿದ್ದಳು. ಬಾಣಲೆಗೆ ಇಬ್ಬರೂ ತಲೆ ಬಗ್ಗಿಸಿದರೆ ಹಣೆಗೆ ಹಣೆ ತಾಗುತ್ತಿತ್ತು. ಈಗ ಬಾಣಲೆ ನೇರವಾಗಿ ನೀರಿಗೆ ಬೀಳುತ್ತಿತ್ತು. ಅಜ್ಜಿ ಕೂಗುವುದಿಲ್ಲ. ಲುಸೆರೊ ಕೇಳುವುದಿಲ್ಲ. ಅಜ್ಜಿಗೆ ತನ್ನ ಮೇಲೆ ಸಿಟ್ಟು ಬಂದಿದೆ, ಬೆಕ್ಕಿನ ಹೆಸರು ಹೇಳಿ ಸಿಟ್ಟನ್ನು ಒಳಗೇ ಇಟ್ಟುಕೊಂಡಿದ್ದಾಳೆ ಎಂದು ಮಗು ಅಂದುಕೊಂಡಿತು. ದೊಡ್ಡವರು ಬೈದರೆ ಅತ್ತು ಮುಗಿಸಬಹುದು. ಬೈಯದೆ ಇದ್ದರೆ ಏನು ಮಾಡುವುದೆಂದು ಅದಕ್ಕೆ ಯಾರೂ ಹೇಳಿಕೊಟ್ಟಿರಲಿಲ್ಲ.

ಶಾಲೆಯಲ್ಲಿ ಒಬ್ಬ ಹುಡುಗಿಯ ಹುಟ್ಟುಹಬ್ಬಕ್ಕೆ ಕೇಕು ಹಂಚಿದರು. ಲುಸೆರೊ ತನ್ನ ಪಾಲನ್ನು ಪಕ್ಕದವಳಿಗೆ ಕೊಟ್ಟುಬಿಟ್ಟಳು. ಮನೆಯಲ್ಲಿ ಹಾಲಿಗೆ ಸಕ್ಕರೆ ಹಾಕಿಕೊಳ್ಳುವುದನ್ನು ನಿಲ್ಲಿಸಿದಳು. ಆರ್ಸೆಲಿಯಾ ಇದನ್ನು ಗಮನಿಸಿ, ಸುಮ್ಮನೆ ಅವಳ ಹಣೆ ಮುಟ್ಟಿ ನೋಡಿದಳು. ಜ್ವರ ಇರಲಿಲ್ಲ.

"ಯಾಕೆ ಪುಟ್ಟಾ, ಏನಾಗಿದೆ?"

"ಏನಿಲ್ಲಮ್ಮ."

ಅಷ್ಟರಲ್ಲಿ ಹಂಚಿನ ಮೇಲೆ ಕಾಳು ಸೀಯುವ ವಾಸನೆ ಬಂತು. ಆರ್ಸೆಲಿಯಾ ಓಡಿದಳು. ಹಂಚಿನಲ್ಲಿ ರಾಜಗಿರಿ ಸೀದರೆ ಆ ಒಬ್ಬೆ ಪೂರ್ತಿ ಕಹಿಯಾಗುತ್ತದೆ, ಅದನ್ನು ಬಿಟ್ಟು ಕೂರುವ ಹಾಗಿಲ್ಲ.

* * *

ಮುಂದಿನ ಭಾನುವಾರ ರಮೋನತ್ತೆ ಒಬ್ಬಳೇ ಬರಲಿಲ್ಲ. ಪ್ಲಾಸಿದಮ್ಮನನ್ನು ಕರೆತಂದಳು. ಬೆಚ್ಚಿಬಿದ್ದವರಿಗೆ, ದೃಷ್ಟಿ ತಗುಲಿದವರಿಗೆ ಧೂಪ ಹಾಕುವ ಮುದುಕಿ ಅವಳು. ಆರ್ಸೆಲಿಯಾಳ ಮುಖ ಗಂಟಾಯಿತು.

"ಡಾಕ್ಟರಮ್ಮ ಮಾತ್ರೆ ಕೊಟ್ಟಿದ್ದಾರಲ್ಲ ಅತ್ತಿಗೆ."

"ಮಾತ್ರೆ ಇರ್ಲಿ ತಾಯಿ, ಯಾರು ಬೇಡ ಅಂದ್ರು? ಮಾತ್ರೆ ಆದ್ಮೇಲೆ ಸೂಜಿ ಬರುತ್ತೆ, ಸೂಜಿ ಆದ್ಮೇಲೆ ಕಣ್ಣು ಹೋಗುತ್ತೆ. ಅಲ್ಲೀವರೆಗೂ ನಾನು ಸುಮ್ಮನೆ ಕೂರ್ಲಾ?"

"ಸೂಜಿಯಿಂದ ಕಣ್ಣು ಹೋಗಲ್ಲ. ಸೂಜಿ ತಡವಾಗಿ ಚುಚ್ಚಿಸ್ಕೊಂಡ್ರೆ ಹೋಗುತ್ತೆ."

"ಓಹೋ, ನೀನೂ ಡಾಕ್ಟರ್ ಓದಿದ್ದು ನನಗೆ ಗೊತ್ತೇ ಇರ್ಲಿಲ್ಲ!"

"ಓದಿಲ್ಲ. ಆದ್ರೆ ಈ ಮನೇಲಿ ದಿನಾ ಇರೋಳು ನಾನು. ಅತ್ತೆ ಹೂಜಿ ಹೂಜಿ ನೀರು ಕುಡೀತಿದ್ದಿದ್ದು ಈಗಿಂದಲ್ಲ. ನೀವು ವಾರಕ್ಕೊಂದ್ಸಲ ಬಂದು ದುಡ್ಡು ಎಣಿಸಿಕೊಂಡು ಹೋಗ್ತೀರ, ನಿಮಗೆ ಹೇಗೆ ಕಾಣಬೇಕು?"

"ಕೇಳಿದ್ಯಾ ಎಲಿಸೆಯೊ, ನಿನ್ನ ಹೆಂಡ್ತಿ ಮಾತು!"

ಎಲಿಸೆಯೊ ಮಿಠಾಯಿ ಒತ್ತುವ ಮರದ ಚೌಕಟ್ಟಿಗೆ ಮೊಳೆ ಹೊಡೆಯುತ್ತಿದ್ದ. ತಲೆ ಎತ್ತದೆ, "ಧೂಪ ಹಾಕಿದ್ರೆ ಏನು ಕಳ್ಕೋತೀವಿ? ಹಾಕ್ಲಿ ಬಿಡು. ಮಾತ್ರೇನೂ ನುಂಗ್ಲಿ," ಎಂದ. ಎರಡು ಕಡೆಯವರೂ ಅವನನ್ನು ಒಂದೇ ಥರ ನೋಡಿದರು.

ಪ್ಲಾಸಿದಮ್ಮ ಜಗಳ ಕೇಳಿಸದವಳ ಹಾಗೆ ಅಜ್ಜಿಯ ಎದುರು ಕುಕ್ಕರಗಾಲಲ್ಲಿ ಕೂತು ನಾಡಿ ಹಿಡಿದಳು.

"ಯಾರಿಂದ ಬೆಚ್ಚಿದ್ದು ದೆಲ್ಫಿನಾ?"

"ಬೆಕ್ಕಿಂದ."

"ಸರಿಯಾಗಿ ನೆನಪು ಮಾಡ್ಕೊ. ಯಾರು ಬೆಚ್ಚಿಬೀಳಿಸಿದ್ರೋ ಅವರ ಕೂದಲೇ ಬೇಕು. ನಾಯಿಯಾದ್ರೆ ನಾಯಿದು, ಕುದುರೆಯಾದ್ರೆ ಕುದುರೇದು, ಮನುಷ್ಯರಾದ್ರೆ ಮನುಷ್ಯರದು. ಆ ಹೊಗೆ ಕುಡಿದ್ರೇ ಹೆದರಿಕೆ ಇಳಿಯೋದು. ಬೇರೆ ಕೂದಲು ಸುಟ್ರೆ ಬರೀ ನಾತ."

"ಬೆಕ್ಕು ಅಂದ್ನಲ್ಲ!" ಎಂದಳು ಅಜ್ಜಿ ಗಡುಸಾಗಿ.

ಪೆಲೂಸಾಳನ್ನು ಹಿಡಿಯುವುದೇ ಒಂದು ರಾಮಾಯಣವಾಯಿತು. ರಮೋನತ್ತೆ ಏಣಿ ಹತ್ತಿ ಚಾವಣಿಗೆ ಹೋದರೆ ಬೆಕ್ಕು ನೀರಿನ ಟ್ಯಾಂಕಿನ ಮೇಲಿತ್ತು. ಟ್ಯಾಂಕಿಗೆ ಕೈ ಹಾಕಿದರೆ ಆಲಿವ್ ಮರದಲ್ಲಿತ್ತು. ಕೊನೆಗೆ ಗಿಣ್ಣಿನ ಆಸೆಗೆ ಇಳಿದು ಬಂದಾಗ ಹಿಡಿದು, ಬೆನ್ನಿನಿಂದ ಒಂದು ಚಿಟಿಕೆ ಕೂದಲು ಕತ್ತರಿಸುವಷ್ಟರಲ್ಲಿ ಅತ್ತೆಯ ಮೊಣಕೈವರೆಗೂ ಗೀರು ಬಿದ್ದಿತ್ತು.

"ಥೂ, ಮುಂಡೇದೇ! ಮಾಡೋದು ಮಾಡಿ ಈಗ ಪರಚ್ತೀಯಾ?"

"ಪಾಪದ ಪ್ರಾಣಿ, ಅದರ ಮೇಲೆ ಯಾಕೆ ಬಾಯಿ ಮಾಡ್ತೀಯ," ಎಂದಳು ಅಜ್ಜಿ. ಆ ದಿನ ಅವಳು ಆಡಿದ ಅತಿ ಉದ್ದದ ಮಾತು ಅದೇ ಇರಬೇಕು.

ಲುಸೆರೊ ಎಲ್ಲವನ್ನೂ ಬಾಗಿಲ ಸಂದಿಯಿಂದ ನೋಡುತ್ತಿದ್ದಳು. ಬೇರೆ ಕೂದಲು ಸುಟ್ಟರೆ ಬರೀ ನಾತ. ಬೆಕ್ಕಿನ ಕೂದಲಿನಿಂದ ಅಜ್ಜಿಗೆ ವಾಸಿಯಾಗುವುದಿಲ್ಲ ಎಂದು ಆ ಮನೆಯಲ್ಲಿ ಗೊತ್ತಿದ್ದವರು ಇಬ್ಬರೇ. ಅವರಲ್ಲಿ ಒಬ್ಬಳು ಹೇಳುವುದಿಲ್ಲ, ಇನ್ನೊಬ್ಬಳಿಗೆ ಬಾಯಿ ಬರುವುದಿಲ್ಲ.

"ಲುಸೆರೊ, ಕೆಂಡದ ಮಡಕೆ ತಾ," ಎಂದು ಅತ್ತೆ ಕೂಗಿದಳು.

ಅಡುಗೆಮನೆಯಲ್ಲಿ ಯಾರೂ ಇರಲಿಲ್ಲ. ಅಮ್ಮ ಸಿಟ್ಟಿನಲ್ಲಿ ಅಂಗಳಕ್ಕೆ ಹೋಗಿದ್ದಳು. ಲುಸೆರೊ ಕತ್ತರಿ ತೆಗೆದು, ಕಿವಿಯ ಹಿಂದೆ ಜಡೆಯ ಒಳಗಿನಿಂದ ಒಂದು ಎಳೆ ಹಿಡಿದು ಕತ್ತರಿಸಿದಳು. ಅದನ್ನು ಉಂಡೆ ಮಾಡಿ ಕೆಂಡದ ಬೂದಿಯ ಅಂಚಿಗೆ ತುರುಕಿ, ಮಡಕೆಯನ್ನು ಬಟ್ಟೆಯಿಂದ ಹಿಡಿದು ತಂದಿಟ್ಟಳು.

ಪ್ಲಾಸಿದಮ್ಮ ಧೂಪದ ಅಂಟು ಹಾಕಿದಳು, ಬೆಕ್ಕಿನ ಕೂದಲು ಹಾಕಿದಳು. ಹೊಗೆ ಏಳುತ್ತಿದ್ದಂತೆ ಅಜ್ಜಿಯ ತಲೆಗೆ ಶಾಲು ಹೊದಿಸಿ, ಬೆಚ್ಚಿದ ಜಾಗದಲ್ಲೇ ಉಳಿದ ಜೀವವನ್ನು ಉಗ್ರಾಣದ ಬಾಗಿಲ ಕಡೆ ತಿರುಗಿ ಕರೆದಳು: "ದೆಲ್ಫಿನಾ, ಬಾ. ಅಲ್ಲಿ ನಿಲ್ಲಬೇಡ. ಮನೆಗೆ ಬಾ, ದೆಲ್ಫಿನಾ."

ಲುಸೆರೊ ತುಟಿ ಅಲ್ಲಾಡಿಸಿ ತಾನೂ ಕರೆದಳು. ಹೊಗೆಯಲ್ಲಿ ಕೂದಲಿನ ಕಮಟು ವಾಸನೆ ಜೋರಾಗಿ ಎದ್ದಿತು. ಶಾಲಿನ ಒಳಗಿನಿಂದ ಅಜ್ಜಿ ಕೆಮ್ಮಿದಳು.

ಮರುದಿನ ಜಡೆ ಹೆಣೆಯುವಾಗ ಆರ್ಸೆಲಿಯಾಳ ಕೈ ನಿಂತಿತು.

"ಇದ್ಯಾರೇ ಇಲ್ಲಿ ಕತ್ತರಿಸಿದ್ದು?"

"ಚೂಯಿಂಗ್ ಗಮ್ ಅಂಟಿತ್ತು."

"ನನ್ನ ಹತ್ರ ಹೇಳಬಾರದಿತ್ತಾ? ಎಣ್ಣೆ ಹಚ್ಚಿ ಬಿಡಿಸ್ತಿದ್ದೆ." ಮೋಟು ಎಳೆ ಹೊರಗೆ ಕಾಣದ ಹಾಗೆ ಅವಳು ಜಡೆಯನ್ನು ಬಿಗಿಯಾಗಿ ಹೆಣೆದಳು. ಹೆಣೆದು ಮುಗಿದ ಮೇಲೂ ಒಂದು ಗಳಿಗೆ ಮಗಳ ತಲೆಯ ಮೇಲೆ ಕೈ ಇಟ್ಟೇ ಇದ್ದಳು. ಲುಸೆರೊ ತಿರುಗಿ ನೋಡಲಿಲ್ಲ. ನೋಡಿದ್ದರೆ ಅಳು ಬಂದುಬಿಡುತ್ತಿತ್ತು.

* * *

ಬೆರಳು ಚುಚ್ಚಿಸಿಕೊಳ್ಳಲು ಆ ವಾರ ನರ್ಸಿನ ಹತ್ತಿರ ಹೋಗಬೇಕಿತ್ತು. ಅಜ್ಜಿ ರಮೋನತ್ತೆಯ ಜೊತೆ ಹೋದಳು. ಬರುವಾಗ ಅತ್ತೆಯ ನಗು ಬೀದಿ ತುದಿಯಿಂದಲೇ ಕೇಳಿಸುತ್ತಿತ್ತು.

"ನೂರ ಇಪ್ಪತ್ತು! ನೋಡು ಆರ್ಸೆಲಿಯಾ, ಮುನ್ನೂರು ಇದ್ದದ್ದು ನೂರ ಇಪ್ಪತ್ತಕ್ಕೆ ಇಳೀತು. ಇನ್ನೇನು ಹೇಳ್ತೀಯ?"

ಆರ್ಸೆಲಿಯಾ ಹಂಚಿನ ಮೇಲಿನ ಕಾಳು ಆಡಿಸುತ್ತಲೇ ಇದ್ದಳು. ಆದರೆ ಹಿಂದಿನ ಮೂರು ದಿನ ಅಜ್ಜಿ ರೊಟ್ಟಿಯನ್ನೂ ಮುಟ್ಟದೆ, ಬರೀ ಪಾಪಾಸುಕಳ್ಳಿ ತಿಂದು, ಕಳ್ಳಿಯದೇ ರಸ ಕುಡಿದು ಇದ್ದದ್ದನ್ನು ಅವಳು ನೋಡಿದ್ದಳು. ಡಾಕ್ಟರರ ಹತ್ತಿರ ಹೋಗುವ ಮುಂಚೆ ಊರಿನಲ್ಲಿ ಎಲ್ಲರೂ ಮಾಡುವುದು ಅದೇ. ಮದುವೆಗೆ ಮುಂಚೆ ಮನೆಗೆ ಸುಣ್ಣ ಬಳಿದ ಹಾಗೆ.

ಲುಸೆರೊ ಉಗ್ರಾಣದೊಳಗೆ ಹೋಗಿ ಮೂಟೆಯ ಮೇಲೆ ಕೂತಳು. ಅವಳ ಕೂದಲು ಕೆಲಸ ಮಾಡಿತ್ತು. ಅಜ್ಜಿಗೆ ವಾಸಿಯಾಗಿತ್ತು. ಅಂದಮೇಲೆ ರೋಗ ತಂದದ್ದೂ ಅವಳೇ. ಇಷ್ಟು ದಿನ ಮನಸ್ಸಿನ ಯಾವುದೋ ಮೂಲೆಯಲ್ಲಿ 'ಇಲ್ಲದೇ ಇರಬಹುದು' ಎಂದು ಒಂದು ಮಾತಿತ್ತು. ಈಗ ಅದೂ ಹೋಯಿತು. ಹೊರಗೆ ಅತ್ತೆ ನಗುತ್ತಿದ್ದಳು. ಪೆಲೂಸಾ ಬಂದು ಇವಳ ಕಾಲಿಗೆ ಮೈ ತಿಕ್ಕಿತು. ಅದರ ಬೆನ್ನಿನ ಮೇಲೆ ನಾಣ್ಯದಗಲ ಬೋಳಾಗಿತ್ತು. ಲುಸೆರೊ ಅಲ್ಲಿಗೆ ಬೆರಳಿಟ್ಟು ಸವರುತ್ತ ಬಹಳ ಹೊತ್ತು ಕೂತಿದ್ದಳು.

ಅಂದಿನಿಂದ ಅಜ್ಜಿ ಮಾತ್ರೆ ನಿಲ್ಲಿಸಿದಳು. ಮೇಳ ಶುರುವಾಯಿತು. ಪಾಕದ ಹದಕ್ಕೆ ಅವಳೇ ಬೇಕಾಗಿತ್ತು, ಕುಂಟುತ್ತ ಬಂದು ಒಲೆಯ ಮುಂದೆ ನಿಂತಳು. ಹದ ನೋಡಲು ಬೆರಳಲ್ಲಿ ಅದ್ದಿ ನಾಲಿಗೆಗೆ ಇಟ್ಟುಕೊಳ್ಳುವುದೂ ಮತ್ತೆ ಶುರುವಾಯಿತು. ಲುಸೆರೊ ಬೆಳಗ್ಗೆ ಪಾತ್ರೆ ಎತ್ತಲು ಅಜ್ಜಿಯ ಕೋಣೆಗೆ ಹೋದಾಗ ಎಣಿಸದೇ ಇದ್ದರೂ ಗೊತ್ತಾಗುತ್ತಿತ್ತು: ಮಾತ್ರೆಯ ಹಾಳೆಯಲ್ಲಿ ಗುಳಿಗಳು ಒಡೆದಿರಲಿಲ್ಲ. ಆಲಿವ್ ಮರದ ಬುಡದಲ್ಲಿ ಇರುವೆ ಹಾಗೆಯೇ ಇದ್ದವು. ಗಾಯದ ಬಟ್ಟೆ ಮಾತ್ರ ದಿನದಿನಕ್ಕೆ ಹೆಚ್ಚು ಒದ್ದೆಯಾಗುತ್ತಿತ್ತು.

ಒಂದು ಬೆಳಗ್ಗೆ ಬಟ್ಟೆ ಬಿಚ್ಚಿದ ಆರ್ಸೆಲಿಯಾ ಹಿಂದಕ್ಕೆ ಸರಿದಳು. ಕಿರುಬೆರಳು ಕಪ್ಪಗಾಗತೊಡಗಿತ್ತು.

"ನೋವಾಗ್ತಿಲ್ವಾ ಅತ್ತೆ?"

"ಇಲ್ವಲ್ಲ. ಏನೂ ಗೊತ್ತಾಗಲ್ಲ."

"ಏಳಿ. ಮೇಳ ಹಾಳಾಗಿ ಹೋಗ್ಲಿ. ಏಳಿ ಅಂದೆ. ಇವತ್ತು ನಾನು ಯಾರ ಮಾತೂ ಕೇಳಲ್ಲ."

"ನಾನೂ ಬರ್ತೀನಿ," ಎಂದಳು ಲುಸೆರೊ.

"ಶಾಲೆ?"

"ಬರ್ತೀನಮ್ಮ." ಆ ದನಿ ಕೇಳಿ ಆರ್ಸೆಲಿಯಾ ಬೇಡ ಎನ್ನಲಿಲ್ಲ.

* * *

ಡಾಕ್ಟರಮ್ಮ ಚಿಕ್ಕ ವಯಸ್ಸಿನವಳು, ಓದು ಮುಗಿಸಿ ಆ ವರ್ಷವಷ್ಟೇ ಈ ಊರಿಗೆ ಬಂದವಳು. ಅವಳು ಕಾಲನ್ನು ನೋಡಿ, ಒತ್ತಿ, ತೊಳೆದು, ದೊಡ್ಡ ಆಸ್ಪತ್ರೆಗೆ ಇವತ್ತೇ ಹೋಗಬೇಕೆಂದು ಚೀಟಿ ಬರೆದಳು. "ಬೆರಳು ಉಳಿಸೋಕೆ ನೋಡ್ತಾರೆ. ಕಾಲಿಗೇನೂ ಆಗಲ್ಲ. ಸಮಯಕ್ಕೆ ಬಂದಿದ್ದೀರ," ಎಂದಳು. ಅಷ್ಟರಲ್ಲಿ ಸುದ್ದಿ ತಿಳಿದು ರಮೋನತ್ತೆಯೂ ಏದುಸಿರು ಬಿಡುತ್ತ ಬಂದು ಸೇರಿದಳು.

"ಸಕ್ಕರೆ ಇಳಿದಿತ್ತಲ್ಲ ಡಾಕ್ಟರಮ್ಮ! ನೂರ ಇಪ್ಪತ್ತಿತ್ತು! ಮತ್ತೆ ಕಾಲು ಯಾಕೆ ಹೀಗೆ?"

ಡಾಕ್ಟರಮ್ಮ ಮೇಜಿನ ಮೇಲಿದ್ದ ಹಾಳೆಯೊಂದನ್ನು ಎಳೆದುಕೊಂಡಳು. "ಅಜ್ಜಿ, ನರ್ಸ್ ಹತ್ರ ಬರೋ ಮುಂಚೆ ಎಷ್ಟು ದಿನ ಪಾಪಾಸುಕಳ್ಳಿ ತಿಂದ್ರಿ?"

ಅಜ್ಜಿ ಗೋಡೆ ನೋಡಿದಳು. "ಮೂರು ದಿನ."

ಆರ್ಸೆಲಿಯಾ ನಗು ತಡೆಯಲು ಬಾಯಿಗೆ ಸೆರಗಿನ ಹಾಗೆ ಶಾಲು ಒತ್ತಿಕೊಂಡಳು.

"ಬೆರಳು ಚುಚ್ಚಿದ್ರೆ ಆ ಗಳಿಗೆ ಸಕ್ಕರೆ ಎಷ್ಟಿದೆ ಅಂತ ಮಾತ್ರ ಗೊತ್ತಾಗುತ್ತೆ. ಅದಕ್ಕೆ ಮೋಸ ಮಾಡಬಹುದು," ಎಂದಳು ಡಾಕ್ಟರಮ್ಮ. "ಜನವರಿ ಕೊನೇಲಿ ತೋಳಿಂದ ತೆಗೆದೆನಲ್ಲ, ಆ ರಕ್ತಕ್ಕೆ ಮೋಸ ಮಾಡಕ್ಕಾಗಲ್ಲ. ನಮ್ಮ ರಕ್ತದಲ್ಲಿ ಕೆಂಪು ಕಣಗಳಿವೆ. ಒಂದೊಂದೂ ಮೂರು ನಾಲ್ಕು ತಿಂಗಳು ಬದುಕುತ್ತೆ. ಅಷ್ಟು ದಿನಾನೂ ಅದು ರಕ್ತದಲ್ಲಿರೋ ಸಕ್ಕರೆ ಜೊತೇಲೇ ಓಡಾಡ್ತಿರುತ್ತೆ. ಸಕ್ಕರೆ ಜಾಸ್ತಿಯಿದ್ದಷ್ಟೂ ಅದರ ಮೈಗೆ ಜಾಸ್ತಿ ಅಂಟುತ್ತೆ. ಒಂದ್ಸಲ ಅಂಟಿದ್ದು, ಆ ಕಣ ಸಾಯೋವರೆಗೂ ಬಿಡಲ್ಲ."

"ಅರಳಿಗೆ ಪಾಕ ಅಂಟಿದ ಹಾಗೆ," ಎಂದಳು ಅಜ್ಜಿ, ತನಗೆ ತಾನೇ ಹೇಳಿಕೊಂಡ ಹಾಗೆ.

"ಹಾಗೇ ಅಜ್ಜಿ. ನಾವು ಎಷ್ಟು ಪಾಕ ಅಂಟಿದೆ ಅಂತ ನೋಡ್ತೀವಿ. ನೂರಕ್ಕೆ ಆರರ ಒಳಗಿರಬೇಕು. ನಿಮ್ಮದು ಹನ್ನೊಂದಿದೆ. ಇಷ್ಟು ಅಂಟಬೇಕಾದ್ರೆ ತಿಂಗಳುಗಟ್ಟಲೆ ಬೇಕು. ಕಾಲಿನ ಸ್ಪರ್ಶ ಹೋಗಿರೋದು ನೋಡಿದ್ರೆ ಸಕ್ಕರೆ ಬಂದು ವರ್ಷಗಳೇ ಆಗಿರಬೇಕು. ಈ ಸುಟ್ಟ ಗಾಯ ಆಗದೇ ಇದ್ದಿದ್ರೆ ನೀವು ಇವತ್ತಿಗೂ ನನ್ನ ಹತ್ರ ಬರ್ತಿರ್ಲಿಲ್ಲ."

"ಅದು ಹೇಗಾಗುತ್ತೆ?" ಎಂದಳು ರಮೋನತ್ತೆ. "ಬೆಚ್ಚಿಬಿದ್ದಿದ್ದು ಈ ಜನವರೀಲಿ. ಬೆಕ್ಕಿಂದ."

"ಪಾಪ, ಬೆಕ್ಕಿನ ತಪ್ಪೇನೂ ಇಲ್ಲ."

ಲುಸೆರೊ ಮೂಲೆಯಲ್ಲಿ ಅಜ್ಜಿಯ ಚಪ್ಪಲಿ ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಮನಸ್ಸಿನಲ್ಲೇ ಹಿಂದಕ್ಕೆ ನಡೆಯುತ್ತಿದ್ದಳು. ಜನವರಿ, ಅದರ ಹಿಂದೆ ಕ್ರಿಸ್ಮಸ್ಸು, ಅದರ ಹಿಂದೆ ಸತ್ತವರ ಹಬ್ಬ. ಆ ಹಬ್ಬಕ್ಕೆ ಅಜ್ಜನ ಫೋಟೋಗೆ ಚೆಂಡುಹೂ ಕೀಳಲು ಹಿತ್ತಿಲಿಗೆ ಹೋದಾಗ ಆಲಿವ್ ಬುಡದಲ್ಲಿ ಕಾಲಿಗೆ ಇರುವೆ ಕಚ್ಚಿತ್ತು. ಮೊದಲ ಸಲ ಸುಣ್ಣ ಎರಚಿದ್ದು ಅವತ್ತೇ. ಅಜ್ಜಿಯ ಮೂತ್ರದ ಸಿಹಿಗೆ ಇರುವೆಗಳು ಅವಳಿಗಿಂತ ಮುಂಚೆ ಬಂದಿದ್ದವು. ಗೋಣಿಚೀಲಕ್ಕಿಂತ ಮುಂಚೆ. ಆದರೆ ಡಾಕ್ಟರಮ್ಮ ತಪ್ಪಿಲ್ಲ ಎಂದದ್ದು ಬೆಕ್ಕಿನದು. ಬೆಕ್ಕಿನ ತಪ್ಪಿಲ್ಲವೆಂಬುದು ಲುಸೆರೊಳಿಗೆ ಮೊದಲಿಂದಲೂ ಗೊತ್ತು.

ಡಾಕ್ಟರಮ್ಮ ಬರೆದು ಮುಗಿಸಿ ಪೆನ್ನು ಮುಚ್ಚಿದಳು. "ಮಾತ್ರೆ ನಿಲ್ಲಿಸಬೇಡಿ. ಊಟ ಬಿಡಬೇಡಿ, ಎಲ್ಲರ ಜೊತೆ ಕೂತು ಊಟ ಮಾಡಿ. ಏನಾದ್ರೂ ಕೇಳೋದಿದೆಯಾ?"

ಎಂದಿನಂತೆ ಯಾರೂ ಕೇಳಲಿಲ್ಲ. ಆರ್ಸೆಲಿಯಾ ಚೀಟಿ ಮಡಿಸಿದಳು. ರಮೋನತ್ತೆ ಗೀರು ಬಿದ್ದ ಕೈ ಸವರಿಕೊಂಡಳು. "ಹೂಂ ಡಾಕ್ಟರಮ್ಮ, ಬರ್ತೀವಿ," ಎಂದು ಅಜ್ಜಿ ಕುರ್ಚಿಯ ಕೈ ಹಿಡಿದು ಏಳಲು ಹೊರಟಳು.

"ನಾನು ಕೇಳ್ಬೇಕು."

ಎಲ್ಲರೂ ಮೂಲೆಗೆ ತಿರುಗಿದರು. ಲುಸೆರೊ ಎದ್ದು ನಿಂತಿದ್ದಳು. ಚಪ್ಪಲಿಗಳು ಎದೆಗೆ ಒತ್ತಿದ್ದವು.

"ಸುಮ್ನಿರು ಕೂಸೇ," ಎಂದಳು ಅಜ್ಜಿ ಬೇಗನೆ. ಅವಳ ಕೈ ಮುಂದಕ್ಕೆ ಬಂತು. "ಬೇಡ. ಏನೂ ಹೇಳ್ಬೇಡ ನೀನು."

ಆಗ ಲುಸೆರೊಳಿಗೆ ಅಜ್ಜಿಯ ಮುಖ ಸರಿಯಾಗಿ ಕಾಣಿಸಿತು. ಅಲ್ಲಿ ಸಿಟ್ಟು ಇರಲಿಲ್ಲ. ಬಾಣಲೆ ಬಿದ್ದ ದಿನ ಇದ್ದ ಅದೇ ಹೆದರಿಕೆ ಇತ್ತು. ಇಷ್ಟು ದಿನವೂ ಅದು ಅಜ್ಜಿ ತನಗಾಗಿ ಪಟ್ಟ ಹೆದರಿಕೆಯಲ್ಲ, ತಪ್ಪು ಇವಳ ತಲೆಗೆ ಬಂದೀತೆಂದು ಇವಳಿಗಾಗಿ ಪಟ್ಟದ್ದು.

ಮಗು ಆ ಕೈ ಹಿಡಿದುಕೊಂಡು, ಡಾಕ್ಟರಮ್ಮನನ್ನೇ ನೋಡಿ, ಕೋಣೆಗೆಲ್ಲ ಕೇಳುವ ಹಾಗೆ ಕೇಳಿತು:

"ಬೆಕ್ಕಲ್ಲದೆ, ಬೆಚ್ಚಿಬೀಳಿಸಿದ್ದು ನಾನಾಗಿದ್ರೆ? ಆಗಲೂ ತಪ್ಪಿಲ್ವಾ?"